ಕಾಲಿಗಾಗಿ ಹುಡುಕಿದ ಸದ್ದು

ಬಿಪಿ ನೋಡುವಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮೊಣಕೈಯ ಒಳಮಗ್ಗುಲಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರಲ್ಲ, ಟಕ್ ಟಕ್ ಎನ್ನುವ ಆ ಸದ್ದಿಗೆ ವೈದ್ಯರು ಕೊರೊಟ್ಕೊವ್ ಸದ್ದು ಎನ್ನುತ್ತಾರೆ. ಅದನ್ನು ಮೊದಲು ಕೇಳಿಸಿಕೊಂಡ ನಿಕೊಲಾಯ್ ಕೊರೊಟ್ಕೊವ್ ಬಿಪಿಯ ಬೆನ್ನು ಹತ್ತಿದವರೇ ಅಲ್ಲ. ಅವರು ರಷ್ಯಾದ ಶಸ್ತ್ರವೈದ್ಯ. 1904-05ರ ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಹಾರ್ಬಿನ್‌ನಲ್ಲಿದ್ದರು. ಗುಂಡು, ಚೂರುಗಳು ಹೊಕ್ಕು ಕೈಕಾಲಿನ ದೊಡ್ಡ ರಕ್ತನಾಳಗಳು ಹಾಳಾದ ಸೈನಿಕರು ಅಲ್ಲಿಗೆ ಬರುತ್ತಿದ್ದರು. ನಾಳವನ್ನು ದಾರದಿಂದ ಬಿಗಿದರೆ ರಕ್ತ ನಿಲ್ಲುತ್ತದೆ, ಜೀವ ಉಳಿಯುತ್ತದೆ. ಆದರೆ ಕಾಲು? ಸುತ್ತಲಿನ ಸಣ್ಣಪುಟ್ಟ ನಾಳಗಳು ಪಾದದವರೆಗೆ ರಕ್ತ ಮುಟ್ಟಿಸಿದರೆ ಕಾಲು ಬದುಕುತ್ತದೆ, ಇಲ್ಲದಿದ್ದರೆ ಕೊಳೆಯುತ್ತದೆ. ಯಾವುದು ಆಗಲಿದೆ ಎಂದು ಬಿಗಿಯುವ ಮೊದಲೇ ತಿಳಿಯುವುದು ಹೇಗೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಕೊರೊಟ್ಕೊವ್ ರಕ್ತನಾಳಗಳ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳುವ ಅಭ್ಯಾಸಕ್ಕೆ ಬಿದ್ದರು.

ಪಟ್ಟಿ ಆಗಲೇ ಇತ್ತು. ಇಟಲಿಯ ತುರಿನ್‌ನಲ್ಲಿ ಶಿಪಿಯೋನೆ ರೀವಾ-ರೋಚಿ 1896ರಲ್ಲಿ ಅದನ್ನು ಬಳಕೆಗೆ ತಂದಿದ್ದರು. ಆದರೆ ಅವರು ಪಟ್ಟಿಯ ಗಾಳಿ ಬಿಡುತ್ತಾ ಮಣಿಕಟ್ಟಿನ ನಾಡಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಹಾಗಾಗಿ ಮೇಲಿನ ಅಂಕೆಯೊಂದೇ ಸಿಗುತ್ತಿತ್ತು. ಬೆರಳಿನ ಬದಲು ಕೊರೊಟ್ಕೊವ್ ಕಿವಿಯನ್ನು ನಂಬಿದರು. ಪಟ್ಟಿ ಪೂರ್ತಿ ಬಿಗಿದಾಗ ಮೌನ. ಗಾಳಿ ಇಳಿಯುತ್ತಾ ಬಂದ ಹಾಗೆ ಒಮ್ಮೆ ಸದ್ದು ಹುಟ್ಟುತ್ತದೆ, ಇನ್ನಷ್ಟು ಇಳಿದಾಗ ಅಡಗುತ್ತದೆ. ಹುಟ್ಟಿದ್ದು ಮೇಲಿನ ಒತ್ತಡ, ಅಡಗಿದ್ದು ಕೆಳಗಿನದು. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಅವರು ಇದನ್ನು ಹೇಳಿ ಮುಗಿಸಿದ ವರದಿ ಪುಟವೊಂದನ್ನೂ ತುಂಬುವುದಿಲ್ಲ. ಹೃದಯದ ಸದ್ದೇ ತೋಳಿನಲ್ಲಿ ಕೇಳಿಸುತ್ತಿರಬೇಕು ಎಂದು ಕೆಲವರು ಆಕ್ಷೇಪಿಸಿದರು. ಅಲ್ಲ, ಸದ್ದು ಪಟ್ಟಿಯ ಕೆಳಗೇ ಹುಟ್ಟುತ್ತಿದೆ ಎಂದು ಕೊರೊಟ್ಕೊವ್ ಸಾಧಿಸಿದರು.

ಮುಂದಿನದು ಲೋಕಕ್ಕೆ ಗೊತ್ತು. ಪಟ್ಟಿ ಮತ್ತು ಸ್ಟೆತಾಸ್ಕೋಪಿನ ಜೋಡಿ ಎಲ್ಲ ದೇಶಗಳ ದವಾಖಾನೆಗಳನ್ನು ಸೇರಿತು. ಆದರೆ ಅದು ತೋಳಿಗೆ ಮಾತ್ರ ಸೀಮಿತವಾಯಿತು. ಕಟ್ಟಿದ ನಾಳದ ಕೆಳಗೆ ರಕ್ತ ಮುಟ್ಟುತ್ತದೆಯೇ ಎಂಬ ಮೂಲ ಪ್ರಶ್ನೆಯ ಮೇಲೆ ಕೊರೊಟ್ಕೊವ್ 1910ರಲ್ಲಿ ಪ್ರೌಢಪ್ರಬಂಧವನ್ನೇ ಬರೆದರು. ಅದನ್ನು ಕೇಳಿದವರು ಕಡಿಮೆ. ಸೈಬೀರಿಯಾದ ಲೇನಾ ಚಿನ್ನದ ಗಣಿಯಲ್ಲಿ ವೈದ್ಯರಾಗಿ ದುಡಿದು, 1920ರಲ್ಲಿ ಕ್ಷಯದಿಂದ ತೀರಿಕೊಂಡರು. ಕಾಲು ಉಳಿಸಲು ಹುಡುಕಿದ ಉಪಾಯ ಕಾಲಿಗೆ ಮರಳಿ ಬರಲು 1905ರಿಂದ ಸುಮಾರು ಅರವತ್ತು ವರ್ಷ ಹಿಡಿಯಿತು. ಏಕೆ ಅಷ್ಟು ತಡ ಎನ್ನುವುದೇ ಈ ಕತೆ.

ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯನ್ನು ಮೊದಲು ಸರಿಯಾಗಿ ಗುರುತಿಸಿದ ಕೀರ್ತಿ ಒಬ್ಬ ಕುದುರೆ ವೈದ್ಯರದು. 1831ರಲ್ಲಿ ಪ್ಯಾರಿಸ್ಸಿನ ಪಶುವೈದ್ಯ ಜಾನ್-ಫ್ರಾನ್ಸ್ವಾ ಬೂಲೇ ಮುಂದೆ ಗಾಡಿ ಎಳೆಯುವ ಹೆಣ್ಣುಕುದುರೆಯೊಂದು ಬಂತು. ಹೊರಟಾಗ ಚೆನ್ನಾಗಿಯೇ ಓಡುತ್ತಿತ್ತು, ಸ್ವಲ್ಪ ದೂರ ಹೋದರೆ ಹಿಂಗಾಲು ಕುಂಟುತ್ತಿತ್ತು, ನಿಲ್ಲಿಸಿದರೆ ಮತ್ತೆ ಸರಿ. ಸತ್ತ ಮೇಲೆ ಕೊಯ್ದು ನೋಡಿದರೆ ತೊಡೆಯ ಅಪಧಮನಿಗಳು ಮುಚ್ಚಿಹೋಗಿದ್ದವು. ಇಪ್ಪತ್ತೇಳು ವರ್ಷಗಳ ನಂತರ, 1858ರಲ್ಲಿ, ಅದೇ ಊರಿನಲ್ಲಿ ಜಾನ್-ಮಾರ್ತೆನ್ ಶಾರ್ಕೋ ಮುಂದೆ ಒಬ್ಬ ಹಳೆಯ ಸೈನಿಕ ಬಂದ. ತುಸು ಹೊತ್ತು ನಡೆದರೆ ಕಾಲು ಮರಗಟ್ಟಿ ನೋಯುತ್ತದೆ, ಕೂತರೆ ಹೋಗುತ್ತದೆ. ಆತ ಸತ್ತ ಮೇಲೆ ನೋಡಿದಾಗ ಹೊಟ್ಟೆಯ ಕೆಳಗಿನಿಂದ ಕಾಲಿಗೆ ಇಳಿಯುವ ನಾಳದ ಹತ್ತಿರ ಹಳೆಯ ಗುಂಡು ಇತ್ತು, ನಾಳ ಮುಚ್ಚಿತ್ತು. ನರರೋಗಗಳ ಮಹಾಪಂಡಿತರೆಂದು ಆಮೇಲೆ ಹೆಸರಾದ ಶಾರ್ಕೋಗೆ ಹೊಳೆದದ್ದು ಬೂಲೇ ಬರೆದಿದ್ದ ಕುದುರೆ. ಪಶುವೈದ್ಯರ ಬರಹವನ್ನು ಮನುಷ್ಯರ ವೈದ್ಯರು ಓದಿಟ್ಟುಕೊಂಡಿದ್ದು ಅಪರೂಪವೇ. ಇವತ್ತಿಗೂ ಈ ಕಾಯಿಲೆಯ ಲಕ್ಷಣ ಅದೇ: ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು. ನಮ್ಮಲ್ಲಿ ಎಷ್ಟೋ ಜನ ಇದನ್ನು ವಾಯು ಎಂದೋ ವಯಸ್ಸಾಯಿತು ಎಂದೋ ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ.

ಶಾರ್ಕೋ ಆಗಲಿ ಬೂಲೇ ಆಗಲಿ ಅಡಚಣೆಯನ್ನು ಕಂಡದ್ದು ಸತ್ತ ಮೇಲೆ. ಬದುಕಿರುವವರ ಕಾಲನ್ನು ನೋಡಲು ಇದ್ದದ್ದು ಕಣ್ಣು ಮತ್ತು ಬೆರಳು. ಪಾದದ ಮೇಲಿನ ನಾಡಿ ಮುಟ್ಟುವುದು. ಕಾಲನ್ನು ಎತ್ತಿ ಹಿಡಿದಾಗ ಬಿಳಿಚುತ್ತದೆಯೇ, ಇಳಿಬಿಟ್ಟಾಗ ಕೆಂಪೇರುತ್ತದೆಯೇ ನೋಡುವುದು. ನ್ಯೂಯಾರ್ಕಿನ ಲಿಯೋ ಬರ್ಗರ್ ಹೆಸರಿನಲ್ಲಿ ಈ ಪರೀಕ್ಷೆ ಇಂದಿಗೂ ಉಳಿದಿದೆ. ಹೊಗೆಸೊಪ್ಪಿನ ಚಟವಿರುವ ಎಳೆಯ ವಯಸ್ಸಿನವರ ಕಾಲುಬೆರಳುಗಳನ್ನೇ ತಿನ್ನುವ ಕಾಯಿಲೆಯನ್ನು 1908ರಲ್ಲಿ ವಿವರಿಸಿದವರೂ ಅವರೇ. ಬೀಡಿ ಸೇದುವವರು ಹೆಚ್ಚಿರುವ ನಮ್ಮ ನಾಡಿನ ಶಸ್ತ್ರವೈದ್ಯರಿಗೆ ಬರ್ಗರ್ ಹೆಸರು ಚಿರಪರಿಚಿತ. ಬೆರಳಿನ ಪರೀಕ್ಷೆಯ ತೊಂದರೆ ಏನೆಂದರೆ, ಬೆರಳು ಸುಳ್ಳು ಹೇಳುತ್ತದೆ. ರೋಗಿಯ ನಾಡಿ ಎಂದು ಡಾಕ್ಟರು ತಮ್ಮದೇ ಬೆರಳತುದಿಯ ನಾಡಿ ಎಣಿಸುವುದುಂಟು. ಒಬ್ಬರಿಗೆ ಸಿಕ್ಕ ನಾಡಿ ಇನ್ನೊಬ್ಬರಿಗೆ ಸಿಗುವುದಿಲ್ಲ. ಜೊತೆಗೆ, ಇದೆ-ಇಲ್ಲ ಎಂಬುದರಾಚೆಗೆ ಬೆರಳಿಗೆ ಲೆಕ್ಕ ಗೊತ್ತಿಲ್ಲ.

1929ರಲ್ಲಿ ಲಿಸ್ಬನ್ನಿನ ರೇನಾಲ್ಡೋ ದುಸ್ ಸಾಂತುಸ್ ದೊಡ್ಡ ಧೈರ್ಯ ಮಾಡಿದರು. ರೋಗಿಯನ್ನು ಬೋರಲು ಮಲಗಿಸಿ, ಬೆನ್ನಿನ ಕಡೆಯಿಂದ ಉದ್ದನೆಯ ಸೂಜಿಯನ್ನು ನೇರ ಮಹಾಪಧಮನಿಗೇ ಚುಚ್ಚಿ, ಎಕ್ಸ್‌ರೇಯಲ್ಲಿ ಕಾಣುವ ದ್ರವ ಹರಿಸಿ ಚಿತ್ರ ತೆಗೆದರು. ಕಾಲಿನ ನಾಳಗಳು ಎಲ್ಲಿ ಮುಚ್ಚಿವೆ ಎಂದು ಬದುಕಿರುವಾಗಲೇ ಕಣ್ಣಿಗೆ ಕಂಡಿತು. ಆಂಜಿಯೋಗ್ರಾಮ್ ಎನ್ನುವ ಈ ಚಿತ್ರವಿಲ್ಲದೆ ರಕ್ತನಾಳದ ಶಸ್ತ್ರಚಿಕಿತ್ಸೆ ಬೆಳೆಯುತ್ತಿರಲಿಲ್ಲ. ಅವರ ಮಗ ಜುವಾಂವ್ ಸಿದ್ ದುಸ್ ಸಾಂತುಸ್ 1940ರ ದಶಕದಲ್ಲಿ ಮುಚ್ಚಿದ ಅಪಧಮನಿಯ ಒಳಗಿನ ಕಸವನ್ನೇ ಕೆರೆದು ತೆಗೆದು ಹೆಸರಾದರು. ಆದರೆ ಚಿತ್ರಕ್ಕೆ ಬೆಲೆ ತೆರಬೇಕಿತ್ತು: ಚುಚ್ಚು, ನೋವು, ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು. ತಿಂಗಳಿಗೊಮ್ಮೆ ಮಾಡಿ ನೋಡುವ ಪರೀಕ್ಷೆ ಅಲ್ಲ ಅದು. ಇನ್ನೊಂದು ಕೊರತೆಯನ್ನು ಆಗ ಯಾರೂ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಚಿತ್ರ ಅಡಚಣೆಯನ್ನು ತೋರಿಸುತ್ತದೆ; ಅಡಚಣೆಯನ್ನು ದಾಟಿ ಪಾದಕ್ಕೆ ಎಷ್ಟು ಬಲ ಮುಟ್ಟುತ್ತಿದೆ ಎಂಬುದನ್ನು ಹೇಳುವುದಿಲ್ಲ. ಕೊರೊಟ್ಕೊವ್ ಕೇಳಿದ್ದು ಈ ಎರಡನೆಯದನ್ನು.

ಹಾಗಾದರೆ ಏನನ್ನು ಅಳೆಯಬೇಕು? ಕಾಲಿಗೆ ಹರಿಯುವ ರಕ್ತದ ಪ್ರಮಾಣವನ್ನು ಅಳೆದರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಹಲವರು ದಶಕಗಟ್ಟಲೆ ಅದೇ ಜಾಡಿನಲ್ಲಿ ಹೋದರು. ಸೋಜಿಗವೆಂದರೆ, ನಾಳ ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರೂ ಮಲಗಿರುವ ಮನುಷ್ಯನ ಕಾಲಿಗೆ ಹರಿಯುವ ರಕ್ತ ಹೆಚ್ಚುಕಡಿಮೆ ಮಾಮೂಲಿಯಷ್ಟೇ ಇರುತ್ತದೆ. ಬೀದಿಯ ಪೈಪು ಅರ್ಧ ಕಟ್ಟಿಕೊಂಡಿದ್ದರೂ ಮನೆಯ ಒಂದು ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟರೆ ಬಿಂದಿಗೆ ತುಂಬುತ್ತದೆ. ಮೂರು ನಲ್ಲಿ ಒಟ್ಟಿಗೆ ಬಿಟ್ಟಾಗ ಬಣ್ಣ ಬಯಲಾಗುತ್ತದೆ. ಕಾಲಿನ ಸ್ನಾಯುಗಳೊಳಗಿನ ಸಣ್ಣ ನಾಳಗಳು ಅಡಚಣೆ ಬಂದಾಗ ತಾವೇ ಅಗಲವಾಗಿ ಹರಿವನ್ನು ಸರಿದೂಗಿಸಿಕೊಳ್ಳುತ್ತವೆ. ನಡೆಯುವಾಗ ಬೇಡಿಕೆ ಹಲವು ಪಟ್ಟು ಏರುತ್ತದೆ, ಇನ್ನು ಅಗಲವಾಗಲು ಜಾಗವಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ. ಆದ್ದರಿಂದ ಹರಿವು ಕೊನೆಯಲ್ಲಿ ಕುಸಿಯುವಂಥದ್ದು. ಮೊದಲು ಕುಸಿಯುವುದು ಅಡಚಣೆಯ ಆಚೆಗಿನ ಒತ್ತಡ.

ಇದನ್ನು ಅಳತೆಗೆ ಇಳಿಸಿದವರಲ್ಲಿ ಮುಖ್ಯರು ಲಾಸ್ ಏಂಜಲಿಸ್‌ನ ವೈದ್ಯ ಟ್ರಾವಿಸ್ ವಿನ್ಸರ್. 1950ರಲ್ಲಿ ಅವರು ಕಾಲಿನ ಬೇರೆ ಬೇರೆ ಎತ್ತರದಲ್ಲಿ ಮೇಲಿನ ಒತ್ತಡವನ್ನು ಅಳೆದು ತೋಳಿನ ಒತ್ತಡದೊಂದಿಗೆ ಹೋಲಿಸಿದರು. ಆರೋಗ್ಯವಂತರು ಮಲಗಿರುವಾಗ ಕಣಕಾಲಿನ ಒತ್ತಡ ತೋಳಿನದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಹೃದಯದಿಂದ ದೂರ ಹೋದಷ್ಟೂ ಒತ್ತಡ ಕಡಿಮೆಯಾಗಬೇಕಲ್ಲವೇ ಎನಿಸಬಹುದು. ಆದರೆ ನಾಡಿಯ ಅಲೆ ಕೆಳಗಿನ ಸಣ್ಣ ನಾಳಗಳಿಗೆ ಬಡಿದು ಹಿಂದಕ್ಕೆ ಚಿಮ್ಮುವುದರಿಂದ, ನಾಳದ ಗೋಡೆಯೂ ಕೆಳಗಿಳಿದಂತೆ ಬಿರುಸಾಗುವುದರಿಂದ ಅಲೆಯ ತುದಿ ಇನ್ನಷ್ಟು ಎತ್ತರವಾಗುತ್ತದೆ. ಆದ್ದರಿಂದ ಕಣಕಾಲಿನ ಒತ್ತಡ ತೋಳಿನದಕ್ಕಿಂತ ಎದ್ದುಕಾಣುವಷ್ಟು ಕಡಿಮೆಯಾಗಿದ್ದರೆ ನಡುವೆ ಎಲ್ಲೋ ಅಡಚಣೆ ಇದೆ ಎಂದೇ ಅರ್ಥ. ತರ್ಕ ಇಷ್ಟು ಸರಳ.

ತೊಡಕಿದ್ದದ್ದು ಕೇಳುವುದರಲ್ಲಿ. ಕಣಕಾಲಿನ ಬಳಿ ಅಪಧಮನಿಗಳು ಸಪೂರ, ಅವುಗಳ ಕೊರೊಟ್ಕೊವ್ ಸದ್ದು ಕ್ಷೀಣ. ರೋಗ ಬಂದ ಕಾಲಿನಲ್ಲಂತೂ ಸ್ಟೆತಾಸ್ಕೋಪಿಗೆ ಏನೂ ಕೇಳಿಸುವುದಿಲ್ಲ. ಅಂದರೆ ಪರೀಕ್ಷೆ ಯಾರಿಗೆ ಬೇಕೋ ಅವರಲ್ಲೇ ಅದು ಕೈಕೊಡುತ್ತಿತ್ತು. ಫ್ರಾನ್ಸಿನ ಪಾಶೋಂ 1909ರಲ್ಲೇ ಪಟ್ಟಿಯೊಳಗಿನ ಗಾಳಿಯ ಅದುರನ್ನು ಮುಳ್ಳಿನಲ್ಲಿ ತೋರಿಸುವ ಯಂತ್ರ ಮಾಡಿದ್ದರು. ಪ್ರತಿ ನಾಡಿಗೂ ಕಾಲು ಕೂದಲೆಳೆಯಷ್ಟು ಉಬ್ಬಿ ಇಳಿಯುವುದನ್ನು ದಾಖಲಿಸುವ ಉಪಕರಣಗಳೂ ಬಂದವು. 1953ರಲ್ಲಿ ಇಂಗ್ಲೆಂಡಿನ ವಿಟ್ನಿ ಪಾದರಸ ತುಂಬಿದ ಸಣ್ಣ ರಬ್ಬರ್ ಕೊಳವೆಯನ್ನು ಅಂಗಕ್ಕೆ ಸುತ್ತಿದರು. ಅಂಗ ಉಬ್ಬಿದಾಗ ಕೊಳವೆ ಹಿಗ್ಗಿ ವಿದ್ಯುತ್ ರೋಧ ಬದಲಾಗುತ್ತಿತ್ತು. ಎಲ್ಲವೂ ಜಾಣ ಉಪಾಯಗಳೇ. ಆದರೆ ಪ್ರಯೋಗಾಲಯದ ತಾಳ್ಮೆ ಬೇಡುವಂಥವು. ಇಪ್ಪತ್ತು ರೋಗಿಗಳು ಸಾಲಿನಲ್ಲಿ ಕೂತಿರುವ ಹೊರರೋಗಿ ವಿಭಾಗದಲ್ಲಿ ನಡೆಯುವಂಥವಲ್ಲ.

ಬೇಕಾಗಿದ್ದ ಕಿವಿ ನಕ್ಷತ್ರಗಳ ಕಡೆಯಿಂದ ಬಂತು. 1842ರ ಮೇ 25ರಂದು ಪ್ರಾಗ್‌ನ ವಿದ್ವತ್ಸಭೆಯಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ ಪ್ರಬಂಧ ಮಂಡಿಸಿದರು. ಬೆಳಕಿನ ಅಥವಾ ಸದ್ದಿನ ಮೂಲ ನಮ್ಮತ್ತ ಬಂದರೆ ಕಂಪನ ಏರುತ್ತದೆ, ದೂರ ಸರಿದರೆ ಇಳಿಯುತ್ತದೆ ಎಂದರು. ಮೂರು ವರ್ಷದ ನಂತರ ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ ತುತ್ತೂರಿ ಊದುವವರನ್ನು ಉಟ್ರೆಕ್ಟ್ ಬಳಿ ರೈಲಿಗೆ ಹತ್ತಿಸಿ, ಹಳಿಯ ಪಕ್ಕ ಸಂಗೀತ ಬಲ್ಲವರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದರು. ಸದ್ದಿನ ಮಾತು ನಿಜವಾಯಿತು. ನಕ್ಷತ್ರಗಳ ಬಣ್ಣಕ್ಕೆ ಅದೇ ಕಾರಣ ಎಂಬ ಡಾಪ್ಲರ್ ಊಹೆ ಮಾತ್ರ ನಿಲ್ಲಲಿಲ್ಲ. ತಪ್ಪು ವಿಷಯಕ್ಕೆ ಹೊಳೆದ ಸರಿಯಾದ ಸೂತ್ರ ಅದು.

ಅದನ್ನು ದೇಹದೊಳಕ್ಕೆ ತಂದವರು ಒಸಾಕಾ ವಿಶ್ವವಿದ್ಯಾಲಯದ ಶಿಗಿಯೋ ಸಾತೋಮುರಾ. ಕಿವಿಗೆ ಕೇಳದಷ್ಟು ಹೆಚ್ಚು ಕಂಪನದ ಸದ್ದನ್ನು ಎದೆಗೆ ಹಾಯಿಸಿ, ಬಡಿಯುವ ಹೃದಯದಿಂದ ಮರಳುವ ಸದ್ದಿನ ಕಂಪನ ಬದಲಾಗುವುದನ್ನು 1950ರ ದಶಕದ ನಡುವಿನಲ್ಲಿ ತೋರಿಸಿದರು. ಕಾನೆಕೋ ಎಂಬ ವೈದ್ಯರ ಜೊತೆ ಸೇರಿ ರಕ್ತನಾಳಗಳಿಗೂ ಹೀಗೆ ಕಿವಿಗೊಟ್ಟರು. 1959ರ ಹೊತ್ತಿಗೆ ಚರ್ಮದ ಹೊರಗಿನಿಂದಲೇ ರಕ್ತದ ಹರಿವಿನ ಸದ್ದು ಸಿಕ್ಕಿತ್ತು. ಮಾರನೇ ವರ್ಷವೇ ಸಾತೋಮುರಾ ತೀರಿಕೊಂಡರು. ಅವರ ಕೆಲಸದ ಬಹುಪಾಲು ಜಪಾನಿ ಭಾಷೆಯಲ್ಲಿ ಇದ್ದುದರಿಂದ ಹೊರಗಿನವರು ತಡವಾಗಿ ಓದಿದರು.

ಅತ್ತ ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ರಶ್ಮರ್ ಅವರ ಪ್ರಯೋಗಾಲಯದಲ್ಲಿ ಶರೀರವಿಜ್ಞಾನಿಗಳು ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳು ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದರು. ಆಗಿನ ಕಾಲಕ್ಕೆ ಅದು ಹೊಸದು. ಡೀನ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ನಾಯಿಗಳ ರಕ್ತನಾಳಕ್ಕೆ ಪುಟ್ಟ ಉಪಕರಣ ತೊಡಿಸಿ, ರಕ್ತಕಣಗಳಿಗೆ ಬಡಿದು ಮರಳುವ ಸದ್ದಿನಿಂದ ಹರಿವಿನ ವೇಗ ಅಳೆದದ್ದು 1961ರಲ್ಲಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಡೊನಾಲ್ಡ್ ಬೇಕರ್ ಮುಂತಾದ ಎಂಜಿನಿಯರುಗಳ ಕೈಯಲ್ಲಿ ಅದು ಚರ್ಮದ ಮೇಲಿಟ್ಟು ಕೇಳುವ ಸಾಧನವಾಯಿತು. ಇಲ್ಲೊಂದು ಅದೃಷ್ಟವನ್ನು ಹೇಳಲೇಬೇಕು. ಸೆಕೆಂಡಿಗೆ 80 ಲಕ್ಷ ಕಂಪನದ ಸದ್ದು ಮನುಷ್ಯನ ಕಿವಿಗೆ ಕೇಳಿಸುವ ಮಾತೇ ಇಲ್ಲ. ಅದನ್ನು 60 ಡಿಗ್ರಿ ಓರೆಯಾಗಿ ಹಾಯಿಸಿ, ಸೆಕೆಂಡಿಗೆ 50 ಸೆಂಟಿಮೀಟರ್ ವೇಗದಲ್ಲಿ ಹರಿಯುವ ರಕ್ತಕ್ಕೆ ಬಡಿಸಿದರೆ, ಹೋದ ಸದ್ದಿಗೂ ಬಂದ ಸದ್ದಿಗೂ ಇರುವ ಅಂತರ ಸೆಕೆಂಡಿಗೆ ಸುಮಾರು 2600 ಕಂಪನ. ಅದು ನಮ್ಮ ಕಿವಿ ಅತ್ಯಂತ ಚುರುಕಾಗಿರುವ ವ್ಯಾಪ್ತಿ! ದುಬಾರಿ ಪರದೆಯೂ ಬೇಡ, ಲೆಕ್ಕ ಹಾಕುವ ಯಂತ್ರವೂ ಬೇಡ. ಒಂದು ಸ್ಪೀಕರ್ ಸಾಕಾಯಿತು.

ಈ ಸಾಧನವನ್ನು ಕಾಲಿನ ನಾಳ ಕಟ್ಟಿಕೊಂಡ ರೋಗಿಗಳ ಬಳಿಗೆ ಒಯ್ದವರು ಅದೇ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಯೂಜೀನ್ ಸ್ಟ್ರ್ಯಾಂಡ್ನೆಸ್. ಮೊದಲು ವಿಟ್ನಿಯ ಪಾದರಸದ ಕೊಳವೆಯನ್ನು ಕಾಲುಬೆರಳಿಗೆ ಸುತ್ತಿ ವರ್ಷಗಟ್ಟಲೆ ಅಳೆದವರು ಅವರು. ಹಾಗಾಗಿ ಡಾಪ್ಲರ್ ಸಾಧನ ಕೈಗೆ ಬಂದಾಗ ಅದರಿಂದ ಏನು ಕೇಳಬೇಕು ಎಂಬುದು ಅವರಿಗೆ ಗೊತ್ತಿತ್ತು. 1966ರಲ್ಲಿ ಮೆಕಚನ್ ಮತ್ತು ರಶ್ಮರ್ ಜೊತೆ ಅವರು ಬರೆದ ಪ್ರಬಂಧ ಇಂದಿನ ಪರೀಕ್ಷೆಗಳಿಗೆಲ್ಲ ಹೆಬ್ಬಾಗಿಲು. ಆರೋಗ್ಯವಂತ ಕಾಲಿನ ನಾಳದ ಸದ್ದಿಗೆ ಮೂರು ಹಂತ: ರಭಸದಿಂದ ಮುಂದಕ್ಕೆ, ಕ್ಷಣಕಾಲ ಹಿಂದಕ್ಕೆ, ಮತ್ತೆ ಮೆಲ್ಲಗೆ ಮುಂದಕ್ಕೆ. ಅಡಚಣೆಯ ಆಚೆ ಆ ಹಂತಗಳು ಕರಗಿ ಮಂದವಾದ ಒಂದೇ ಸುಯ್ಲು ಉಳಿಯುತ್ತದೆ. ಶಸ್ತ್ರಚಿಕಿತ್ಸಕರೆಂದರೆ ಚಾಕು ಹಿಡಿಯುವ ಅವಸರದವರು ಎಂಬ ಮಾತಿದೆ. ಸ್ಟ್ರ್ಯಾಂಡ್ನೆಸ್ ಮಾತ್ರ ಚುಚ್ಚದೆ ತಿಳಿಯುವುದನ್ನೇ ಜೀವನದ ಕೆಲಸವಾಗಿಸಿಕೊಂಡರು. ಡೇವಿಡ್ ಸಮ್ನರ್ ಜೊತೆ 1975ರಲ್ಲಿ ಶಸ್ತ್ರವೈದ್ಯರಿಗಾಗಿ ರಕ್ತಚಲನೆಯ ಭೌತವಿಜ್ಞಾನದ ದಪ್ಪ ಪುಸ್ತಕ ಬರೆದರು. 2002ರಲ್ಲಿ ನಿಧನರಾದರು.

ಪಟ್ಟಿ ಮತ್ತು ಹೊಸ ಕಿವಿ ಒಂದಾದ ಮೇಲೆ ಬೇಕಾಗಿದ್ದದ್ದು ಭರವಸೆಯ ಅಂಕೆ. ಅದಕ್ಕಾಗಿ ಎರಡು ಕಡೆ ಒಂದೇ ಹೊತ್ತಿಗೆ ಕೆಲಸ ನಡೆಯಿತು. ಕೆನಡಾದ ವಿನಿಪೆಗ್‌ನಲ್ಲಿ ಸ್ಟೆಫಾನ್ ಕಾರ್ಟರ್ 1968-69ರಲ್ಲಿ ನೂರಾರು ಅಳತೆಗಳ ಆಧಾರದಲ್ಲಿ ಕಣಕಾಲಿನ ಒತ್ತಡಕ್ಕೂ ಅಡಚಣೆಗೂ ಇರುವ ನಂಟನ್ನು ಬಿಡಿಸಿಟ್ಟರು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ತೈವಾನಿನಲ್ಲಿ ಓದಿ ಬಂದಿದ್ದ ಜೇಮ್ಸ್ ಯಾವೋ, ಹಾಬ್ಸ್ ಮತ್ತು ಅರ್ವಿನ್ ಜೊತೆ 1969ರಲ್ಲಿ ಡಾಪ್ಲರ್‌ನಿಂದ ಅಳೆದ ಕಣಕಾಲಿನ ಒತ್ತಡವನ್ನು ಆಂಜಿಯೋಗ್ರಾಮ್ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಕಣಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದರೆ ಬರುವ ಅಂಕೆ ಕಾಯಿಲೆಯ ತೀವ್ರತೆಗೆ ಕನ್ನಡಿ ಹಿಡಿಯಿತು. ಮರುವರ್ಷ ಯಾವೋ ಪ್ರಕಟಿಸಿದ ಸರಾಸರಿಗಳು ಪಠ್ಯಪುಸ್ತಕಗಳಲ್ಲಿ ಇಂದಿಗೂ ಇವೆ: ನಡೆದಾಗ ಮಾತ್ರ ನೋವಿರುವವರಲ್ಲಿ 0.59, ಮಲಗಿದಾಗಲೂ ನೋವಿರುವವರಲ್ಲಿ 0.26, ಬೆರಳು ಕೊಳೆಯುವ ಹಂತದವರಲ್ಲಿ 0.05. ಹಾರ್ಬಿನ್‌ನಲ್ಲಿ ಕೊರೊಟ್ಕೊವ್ ಕೇಳಿದ್ದ ಪ್ರಶ್ನೆಗೆ ಕೊನೆಗೂ ಅಂಕೆಯಲ್ಲಿ ಉತ್ತರ ಬಂದಿತ್ತು.

ಇದೇ ಎಬಿಐ, ಅಂದರೆ ಕಣಕಾಲು-ತೋಳಿನ ಒತ್ತಡದ ಅನುಪಾತ. ಪರೀಕ್ಷೆ ನಡೆಯುವ ಬಗೆ ಅಂದಿನದೇ. ರೋಗಿ ಸ್ವಲ್ಪ ಹೊತ್ತು ಅಂಗಾತ ಮಲಗಿ ಸುಧಾರಿಸಿಕೊಳ್ಳಬೇಕು. ಎರಡೂ ತೋಳು, ಎರಡೂ ಕಣಕಾಲಿಗೆ ಪಟ್ಟಿ. ಪಾದದ ಒಳಗಂಟಿನ ಹಿಂದೆ ಮತ್ತು ಪಾದದ ಮೇಲ್ಭಾಗದಲ್ಲಿ ಜೆಲ್ ಹಚ್ಚಿ ಪೆನ್ನಿನಂಥ ಡಾಪ್ಲರ್ ಹಿಡಿಯುತ್ತಾರೆ; ಬಸುರಿಯರಿಗೆ ಮಗುವಿನ ಎದೆಬಡಿತ ಕೇಳಿಸುವ ಸಾಧನದ ಜಾತಿಯದೇ ಅದು. ಪಟ್ಟಿಗೆ ಗಾಳಿ ತುಂಬಿದಾಗ ಸದ್ದು ಅಡಗುತ್ತದೆ, ಇಳಿಸುವಾಗ ಯಾವ ಅಂಕೆಯಲ್ಲಿ ಮರಳುತ್ತದೋ ಅದು ಅಲ್ಲಿನ ಒತ್ತಡ. ತೋಳಿನಲ್ಲಿ 140, ಕಣಕಾಲಿನಲ್ಲಿ 84 ಬಂದರೆ ಎಬಿಐ 0.6. ಒಂದರಿಂದ 1.4ರವರೆಗೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ, ನಡುವಿನದು ಅನುಮಾನದ ಜಾಗ. ಅನುಮಾನವಿದ್ದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮತ್ತೆ ಅಳೆಯುತ್ತಾರೆ. ಅಡಚಣೆ ಎಲ್ಲಿದೆ ಎಂದು ನೋಡಲು ಚಿತ್ರ ಮತ್ತು ಡಾಪ್ಲರ್ ಎರಡೂ ಸೇರಿದ ಡ್ಯೂಪ್ಲೆಕ್ಸ್ ಸ್ಕ್ಯಾನ್ ಇದೆ. ಅದೂ ಸಿಯಾಟಲ್ ತಂಡದ ಕೂಸು, 1970ರ ದಶಕದ್ದು.

ಈ ಅಂಕೆ ಎಡವುವ ಜಾಗವೊಂದಿದೆ, ನಮ್ಮವರು ಅದನ್ನು ಚೆನ್ನಾಗಿ ತಿಳಿದಿರಬೇಕು. ಬಹುಕಾಲದ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರ ಅಪಧಮನಿಯ ಗೋಡೆಗೆ ಕ್ಯಾಲ್ಸಿಯಂ ಕಟ್ಟಿ ಗಡುಸಾಗುತ್ತದೆ. ಪಟ್ಟಿ ಎಷ್ಟು ಒತ್ತಿದರೂ ನಾಳ ಮಣಿಯುವುದಿಲ್ಲ. ಒಳಗೆ ರಕ್ತ ಸಾಲದಿದ್ದರೂ ಅಂಕೆ 1.4 ದಾಟುತ್ತದೆ. ಇನ್ನೂ ಮೋಸದ ಸಂಗತಿ ಎಂದರೆ, ಸುಳ್ಳು ಏರಿಕೆಯಿಂದಾಗಿ ಕೆಟ್ಟ ಅಂಕೆ ಒಳ್ಳೆಯದಾಗಿ ಕಾಣಬಹುದು. ಕಾಲುಬೆರಳಿನ ಸಣ್ಣ ನಾಳಗಳಿಗೆ ಈ ಗಡುಸುತನ ಸಾಮಾನ್ಯವಾಗಿ ತಟ್ಟುವುದಿಲ್ಲವಾದ್ದರಿಂದ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಸುತ್ತಿ ಅಳೆಯಬೇಕು, ಅಲ್ಲಿ 0.7ಕ್ಕಿಂತ ಕಡಿಮೆ ಬಂದರೆ ಕಾಯಿಲೆ.

ಕಾಲಿಗಾಗಿ ಹುಟ್ಟಿದ ಅಂಕೆ ಕೊನೆಗೆ ಹೃದಯದ ಗುಟ್ಟನ್ನೂ ಹೇಳಿತು. ಎಡಿನ್‌ಬರೋದಲ್ಲಿ 55ರಿಂದ 74 ವಯಸ್ಸಿನ 1592 ಜನರನ್ನು ಪರೀಕ್ಷಿಸಿದಾಗ ನಡೆದರೆ ಕಾಲುನೋವು ಇದ್ದವರು ಶೇಕಡಾ 4.5, ನೋವೇ ಇಲ್ಲದೆ ಗಣನೀಯ ಅಡಚಣೆ ಇದ್ದವರು ಶೇಕಡಾ 8. ಸ್ಯಾನ್ ಡಿಯಾಗೋದಲ್ಲಿ ಮೈಕೆಲ್ ಕ್ರಿಕಿ ತಂಡ ಹತ್ತು ವರ್ಷ ಜನರನ್ನು ಹಿಂಬಾಲಿಸಿ, ಕಾಲಿನ ದೊಡ್ಡ ನಾಳ ಕಟ್ಟಿದವರು ಸಾಯುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಎಂದು 1992ರಲ್ಲಿ ವರದಿ ಮಾಡಿತು. ಸತ್ತದ್ದು ಬಹುಪಾಲು ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ. ಕಾಲಿನ ನಾಳದಲ್ಲಿ ಕಸ ಕಟ್ಟಿದೆ ಎಂದರೆ ಹೃದಯದಲ್ಲೂ ಮೆದುಳಿನಲ್ಲೂ ಅದೇ ನಡೆಯುತ್ತಿರುವ ಸಂಭವ ಹೆಚ್ಚು. ಹಾಗೆಂದು ತೊಂದರೆ ಇಲ್ಲದ ಎಲ್ಲರಿಗೂ ಎಬಿಐ ಮಾಡಿಸಿ ಎನ್ನಲಾಗದು. ಅದರಿಂದ ಲಾಭವಿದೆ ಎನ್ನಲು ಸಾಕ್ಷ್ಯ ಸಾಲದು ಎಂದು ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದೆ.

ಆದರೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವವರು, ಪಾದದ ಹುಣ್ಣು ವಾರಗಟ್ಟಲೆ ಮಾಯದವರು, ಸಕ್ಕರೆ ಕಾಯಿಲೆಯ ಜೊತೆ ಬೀಡಿ-ಸಿಗರೇಟು ಇಟ್ಟುಕೊಂಡಿರುವವರು ತಡಮಾಡಬಾರದು. ನೇರವಾಗಿ ದುಬಾರಿ ಸ್ಕ್ಯಾನಿಗೆ ಬರೆದುಕೊಡುವ ಮೊದಲು ಹತ್ತು ಹದಿನೈದು ನಿಮಿಷದ ಈ ಪರೀಕ್ಷೆ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಡಾಕ್ಟರ ಬಳಿ ಹೋದಾಗ ಸಂಕೋಚ ಬಿಟ್ಟು ಕೇಳಿ: ಎರಡೂ ಕಾಲಿನ ಎಬಿಐ ಎಷ್ಟು? ಸಕ್ಕರೆ ಇದ್ದರೆ, ಹೆಬ್ಬೆರಳಿನ ಒತ್ತಡ ನೋಡಿದಿರಾ? ಆ ಅಂಕೆಗಳನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಳೆದಾಗ ಹೋಲಿಸಲು ಬೇಕಾಗುತ್ತದೆ.